ಸೆರಗಿನ ಸಡಿಲ ಗಂಟು

ಟ್ರಂಕಿನಿಂದ ಅಕ್ಕನ ಹಸಿರು ಸೀರೆ ತೆಗೆದಾಗ ನುಸಿಗುಳಿಗೆಯ ಜೊತೆಗೆ ಎಲೆಯಡಿಕೆಯ ವಾಸನೆಯೂ ಬಂತು. ಸೆರಗಿನ ತುದಿಯಲ್ಲಿ ಒಂದು ಗಂಟು. ಒಳಗೇನಾದರೂ ಕಟ್ಟಿಟ್ಟಿದ್ದಾಳೇನೋ ಎಂದು ಒತ್ತಿ ನೋಡಿದೆ. ಏನೂ ಇರಲಿಲ್ಲ. ಅದು ನೆನಪಿನ ಗಂಟು.

ಅಕ್ಕನಿಗೆ ಓದು ಬರಹ ಬರುತ್ತಿರಲಿಲ್ಲ. ಅಜ್ಜಂಪುರದಿಂದ ತರೀಕೆರೆಯ ನನ್ನ ಮನೆಗೆ ಹೊರಡುವ ಮುಂಚೆ, ಪೇಟೆಯಲ್ಲಿ ಕೊಳ್ಳಬೇಕಾದ್ದಕ್ಕೆಲ್ಲ ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದಳು, ಕೆಲಸ ಮುಗಿದಂತೆಲ್ಲ ಒಂದೊಂದೇ ಬಿಚ್ಚುತ್ತಿದ್ದಳು. ದಪ್ಪನೆಯದು ಬೆಲ್ಲಕ್ಕೆ, ಸಣ್ಣದು ಸೂಜಿದಾರಕ್ಕೆ, ಸಡಿಲವಾದದ್ದು ಯಾರಿಗೋ ಹೇಳಬೇಕಾದ ಮಾತಿಗೆ. ಏಳನೇ ಕ್ಲಾಸು ಓದಿದ ನಾನು ಚೀಟಿ ಬರೆದುಕೊಂಡು ಹೋಗಿಯೂ ಏನಾದರೊಂದು ಮರೆತು ಬರುತ್ತಿದ್ದೆ.

“ನಿನ್ ಇಸ್ಕೂಲು ದಂಡ ಕಣೇ” ಎಂದು ನಗುತ್ತಿದ್ದಳು.

ಆ ಏಳನೇ ಕ್ಲಾಸೂ ಅವಳು ಬಿಟ್ಟುಕೊಟ್ಟದ್ದೇ. ಅವಳನ್ನು ಶಾಲೆಗೆ ಸೇರಿಸಿದ ಹೊತ್ತಿಗೆ ನಾನು ಹುಟ್ಟಿದೆ. ಅವ್ವ ಕೂಲಿಗೆ ಹೋಗಬೇಕಿತ್ತು. ಅಕ್ಕ ನನ್ನನ್ನು ಸೊಂಟದಲ್ಲಿಟ್ಟುಕೊಂಡೇ ಕೆಲವು ದಿನ ಶಾಲೆಗೆ ಹೋದಳಂತೆ. ನಾನು ಅಳುತ್ತಿದ್ದೆನಂತೆ... ಮೇಷ್ಟ್ರು ಮನೆಗೆ ಕಳಿಸಿದರು. ಮತ್ತೆ ಅವಳು ಒಳಗೆ ಕೂತು ಕಲಿಯಲಿಲ್ಲ. ನಾನು ದೊಡ್ಡವಳಾದ ಮೇಲೆ ಶಾಲೆಯ ಬಾಗಿಲವರೆಗೂ ಕೈಹಿಡಿದು ತಂದು ಬಿಡುತ್ತಿದ್ದವಳು ಅವಳೇ.

ಒಂದು ಸಲ ಪೇಟೆಯ ಅಂಗಡಿಯ ಮುಂದೆ ಗಂಟನ್ನು ಹಿಡಿದು ಹೊರಳಿಸಿ ನೋಡಿದಳು. “ಇದ್ಯಾತಕ್ಕೆ ಹಾಕಿದ್ದೆ ಕಣೇ?”

“ನಿನ್ ಗಂಟು ನಂಗೇನು ಗೊತ್ತು? ನಾಕಕ್ಷರ ಕಲ್ತಿದ್ರೆ ಬರ್ಕೋಬೋದಿತ್ತು” ಎಂದುಬಿಟ್ಟೆ, ಅಂಗಡಿಯವನ ಎದುರಿಗೇ. ಅಕ್ಕ ಸೆರಗನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು. ಆಮೇಲೆ ಗಂಟುಗಳು ಹೆಚ್ಚುತ್ತಲೇ ಹೋದವು. ಬಿಚ್ಚುವುದು ನಿಂತುಹೋಯಿತು.

ಕೊನೆಗೆ ಕಡೂರಿನಲ್ಲಿ ಡಾಕ್ಟರಿಗೆ ತೋರಿಸಲು ಕರೆದುಕೊಂಡು ಹೋದೆ. ಹೊರಗೆ ಕಾಯುವಲ್ಲಿ ಗೋಡೆಗೊಂದು ಬೋರ್ಡು. ಚಿಕ್ಕಂದಿನಲ್ಲಿ ಶಾಲೆಯ ಓದು ಸಿಗದವರಿಗೆ ಮುಪ್ಪಿನಲ್ಲಿ ಮರೆವಿನ ಕಾಯಿಲೆ ಬರುವ ಸಂಭವ ಹೆಚ್ಚು ಎಂದು ಬರೆದಿತ್ತು. ಇನ್ನೊಂದು ಸಲ ಓದಿದೆ.

“ಏನ್ ಬರ್ದವ್ರೆ ಅಲ್ಲಿ?” ಎಂದಳು ಅಕ್ಕ.

“ಕೈ ತೊಳ್ಕೋಬೇಕಂತೆ” ಎಂದೆ.

ಡಾಕ್ಟರು ತಾರೀಖು ಕೇಳಿದರು, ಗಡಿಯಾರದ ಚಿತ್ರ ಬರೆಯಲು ಹೇಳಿದರು. ಅಕ್ಕ ಬಾಯಿ ತೆರೆಯುವ ಮುಂಚೆಯೇ ನಾನು, “ಅವ್ಳು ಓದಿಲ್ಲ ಡಾಕ್ಟ್ರೇ, ಹೆಂಗೆ ಬತ್ತದೆ?” ಎನ್ನುತ್ತಿದ್ದೆ. ಅವರು ಕಾಗದ ಪಕ್ಕಕ್ಕಿಟ್ಟರು. “ಹೋಗ್ಲಿ ಬಿಡಿ. ಮೊದ್ಲು ಸಲೀಸಾಗಿ ಮಾಡ್ತಿದ್ದು, ಈಗ ಆಗ್ದೇ ಇರೋದು ಏನಾದ್ರೂ ಇದೆಯಾ?”

ಅಕ್ಕನ ಬೆರಳು ಸೆರಗಿನ ಗಂಟುಗಳ ಮೇಲೆ ಆಡುತ್ತಿತ್ತು. ಯಾವ ಗಂಟು ಯಾತಕ್ಕೆಂದು ಅವಳಿಗೀಗ ನೆನಪಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೇಳಿದರೆ ಆ ಬೋರ್ಡಿನ ಮಾತು ನಿಜವಾಗಿ, ಅದರ ಹೊರೆ ನನ್ನ ಮೇಲೇ ಬೀಳುತ್ತದೆ ಎಂದು ಹೆದರಿದೆ.

“ಏನಿಲ್ಲ. ವಯಸ್ಸಾಯ್ತಲ್ಲ” ಎಂದೆ.

ಮತ್ತೆ ಕರೆದೊಯ್ಯುವಷ್ಟರಲ್ಲಿ ಅವಳಿಗೆ ನನ್ನ ಗುರುತೂ ಹೋಗಿತ್ತು. ಈ ಕಾಯಿಲೆ ಪೂರ್ತಿ ವಾಸಿಯಾಗುವಂಥದ್ದಲ್ಲವಂತೆ. ಆದರೆ ಮೊದಲೇ ಗೊತ್ತಾಗಿದ್ದರೆ, ಏನಾಗುತ್ತಿದೆ ಎಂದು ಅಕ್ಕನಿಗೇ ತಿಳಿಸಿ ಹೇಳಬಹುದಿತ್ತಂತೆ. ಅವಳು ಒಬ್ಬಳೇ ಎಷ್ಟು ಹೆದರಿಕೊಂಡಿದ್ದಳೋ...

ಕೊನೆಗಾಲದಲ್ಲಿ ನನ್ನನ್ನೇ ಅವ್ವ ಎಂದುಕೊಂಡಿದ್ದಳು. ಸೊಂಟ ತಡವಿಕೊಂಡು, “ಕೂಸು ಅಳ್ತೈತೆ ಕಣವ್ವ, ನಾನು ಇಸ್ಕೂಲಿಗೆ ಹೋಗಲ್ಲ” ಎನ್ನುತ್ತಿದ್ದಳು. ಹೋಗು ತಾಯಿ, ಹೋಗು ಎನ್ನುತ್ತಿದ್ದೆ. ಅವಳು ಕೇಳುತ್ತಿರಲಿಲ್ಲ.

ಈ ಸೀರೆಯ ಗಂಟು ದಪ್ಪನೆಯದೂ ಅಲ್ಲ, ಸಣ್ಣದೂ ಅಲ್ಲ. ಸಡಿಲವಾಗಿದೆ. ಯಾರಿಗೋ ಏನೋ ಹೇಳಬೇಕಿತ್ತು ಅಕ್ಕ. ಎಳೆದರೆ ಬಿಚ್ಚಿಕೊಳ್ಳುತ್ತದೆ. ಎಳೆಯದೆ, ಮಡಚಿ ಟ್ರಂಕಿನೊಳಗಿಟ್ಟೆ.