ಕಾಲರಿಗೆ ನೇತುಹಾಕಿದ ಕೊಡೆ

ಟೆಕ್ಸಾಸಿನ ಫ್ಲವರ್ ಮೌಂಡಿನಲ್ಲಿ ನಮ್ಮ ಮನೆ ಹತ್ತಿರದ ಇಂಡಿಯನ್ ಅಂಗಡಿಯಲ್ಲಿ ಖಡಕ್ ಜೋಳದ ರೊಟ್ಟಿಯ ಪ್ಯಾಕೆಟ್ ಎತ್ತಿಕೊಂಡವಳು ಅಲ್ಲೇ ನಿಂತುಬಿಟ್ಟೆ. ಪ್ಯಾಕೆಟ್ಟಿನ ಮೇಲೆ ನಮ್ಮಪ್ಪ ಬರೆದ ಮನುಷ್ಯನಿದ್ದ. ಅದೇ ಬೋಳುತಲೆ, ಗುಂಡು ಬದನೆಕಾಯಿಯಂಥ ಮೂಗು, ಕೋಟಿನ ಗುಂಡಿ ಕಿತ್ತು ಬರುವಂಥ ಹೊಟ್ಟೆ, ಕೆಳಗೆ ಪಂಚೆ, ಬೆನ್ನ ಹಿಂದೆ ಕಾಲರಿಗೆ ನೇತುಹಾಕಿಕೊಂಡ ಕೊಡೆ. ಕೊನೆಗೂ ಒಬ್ಬ ಕಳ್ಳ ಸಿಕ್ಕಿದ ಅಂದುಕೊಂಡೆ.

ನಮ್ಮಪ್ಪ ಬೆಂಗಳೂರಿನ ಒಂದು ಪತ್ರಿಕೆಯಲ್ಲಿ ಚಿತ್ರಕಾರರಾಗಿದ್ದರು. ಭಾನುವಾರದ ಪುರವಣಿಯಲ್ಲಿ, ನಾಲ್ಕು ಚೌಕಗಳೊಳಗೆ, ಆ ಡೊಳ್ಳುಹೊಟ್ಟೆಯವನ ಪಜೀತಿ ಬರುತ್ತಿತ್ತು. ಹಾಗೆ ವಾರವಾರ ಚಿತ್ರಕತೆ ಬರೆಯುವವರು ಆಗ ಬೆರಳೆಣಿಕೆಯಷ್ಟು ಜನ. ಗಣೇಶನ ಪೆಂಡಾಲಿನಲ್ಲಿ ಅವನ ರಟ್ಟಿನ ಗೊಂಬೆ ನಿಲ್ಲಿಸುತ್ತಿದ್ದರು. ಕ್ಷೌರದಂಗಡಿಯ ಗೋಡೆಯ ಮೇಲೂ ಅವನೇ. ನಮ್ಮ ಹೆಡ್‌ಮಾಸ್ಟರಿಗಂತೂ ಅವನ ಹೆಸರೇ ಅಡ್ಡಹೆಸರು. ಬರೆದವರ ಹೆಸರನ್ನು ಮಾತ್ರ ಪತ್ರಿಕೆ ಒಂದು ದಿನವೂ ಹಾಕಲಿಲ್ಲ. "ಆ ಎಡಿಟರ್ ಹೊಟ್ಟೆಕಿಚ್ಚಿಗೆ ನುಂಗಿಹಾಕಿದಾನೆ" ಎಂದು ಅಮ್ಮ ಸಾಯುವವರೆಗೂ ಶಪಿಸಿದಳು. ಅಪ್ಪ ಮಾತ್ರ "ಹೋಗಲಿ ಬಿಡೇ" ಅನ್ನುತ್ತಿದ್ದರು. ನಾನು ಡಾಕ್ಟರಾಗಿ, ಟೆಕ್ಸಾಸಿಗೆ ಬಂದು, ರಿಟೈರ್ ಆದರೂ ಆ ಉರಿ ನನ್ನ ಹೊಟ್ಟೆಯೊಳಗೆ ಹಾಗೇ ಇತ್ತು.

ಅನುಮಾನ ನನ್ನ ಹುಟ್ಟುಗುಣ. ಚಿಕ್ಕವಳಿದ್ದಾಗ ಅಪ್ಪ ಪ್ರೆಸ್ಸಿನಿಂದ ಬಣ್ಣಬಣ್ಣದ ವಿದೇಶಿ ಪತ್ರಿಕೆಗಳ ಹಾಳೆ ತರುತ್ತಿದ್ದರು. ಮೆಷಿನ್ನಿನ ಬಿಡಿಭಾಗಗಳಿಗೆ ಸುತ್ತಿಕೊಂಡು ಬರುತ್ತಿದ್ದ ರದ್ದಿ. ನನ್ನ ಸ್ಕೂಲ್ ಪುಸ್ತಕಗಳಿಗೆ ಅದರದೇ ಬೈಂಡು. ಹಾಳೆಯ ನಡುವೆ ಯಾವಾಗಲೂ ಒಂದು ಚೌಕನೆಯ ಕಿಂಡಿ ಇರುತ್ತಿತ್ತು. ಕೇಳಿದರೆ "ಇಲಿ ಕಡಿದಿದೆ ಕಣೇ" ಅನ್ನುತ್ತಿದ್ದರು. ಅದೇನು ಸ್ಕೇಲ್ ಇಟ್ಟುಕೊಂಡು ಕಡಿಯುವ ಇಲಿಯೋ ಎಂದು ನನಗೆ ಆಗಲೇ ಅನ್ನಿಸುತ್ತಿತ್ತು.

ಪ್ಯಾಕೆಟ್ಟಿನ ಮೇಲಿದ್ದ ವಿಳಾಸ ಹ್ಯೂಸ್ಟನ್ ಆಚೆಯ ಫುಲ್‌ಶೀರಿನದು. ಫೋನ್ ಮಾಡದೆ ಡ್ರೈವ್ ಮಾಡಿಕೊಂಡೇ ಹೋದೆ. ಫೋನ್ ಮಾಡಿದರೆ ಸುಳ್ಳು ಹೊಂದಿಸಿಟ್ಟುಕೊಳ್ಳುವುದಕ್ಕೆ ಟೈಮ್ ಕೊಟ್ಟ ಹಾಗಾಗುತ್ತದೆ, ನೋಡಿ. ರೊಟ್ಟಿಯವನು ಹುಬ್ಬಳ್ಳಿ ಕಡೆಯವನು, ನನಗಿಂತ ಎಷ್ಟೋ ಚಿಕ್ಕವನು. "ಬರ್ರಿ ಅಕ್ಕಾರ, ಮೊದ್ಲ ಚಾ ಕುಡೀರಿ" ಅಂದ. ಈ ವಿನಯದ ಮೇಲೂ ನನಗೆ ಗುಮಾನಿಯೇ.

"ಈ ಚಿತ್ರ ನಮ್ಮ ತಂದೆಯದು. ಎಲ್ಲಿಂದ ಎತ್ತಿದಿರಿ?" ಎಂದು ನೇರವಾಗಿ ಕೇಳಿದೆ.

ಅವನ ಮುಖ ಬಿಗಿಯಿತು. "ಎತ್ತೂದೇನ್ ಬಂತ್ರೀ? ಇಂವ ನಮ್ಮವ್ವನ ಕೌದ್ಯಾಗಿನ ಮನಷ್ಯಾ. ನೀವೇನ್ ವಕೀಲ್ರನ್ ಕರಕೊಂಡ್ ಬಂದೀರೇನ?" ಎಂದು ಬಾಗಿಲಾಚೆ ಇಣುಕಿ ನೋಡಿದ. ಆಮೇಲೆ ಒಳಗಿನಿಂದ ಒಂದು ಕೌದಿ ತಂದು ಸೋಫಾದ ಮೇಲೆ ಹರವಿದ. ಹಳೇ ಸೀರೆ, ಅಂಗಿಯ ತುಂಡುಗಳನ್ನು ಜೋಡಿಸಿ ಹೊಲಿದ ಹೊದಿಕೆ. ನಡುವೆ ಆ ಡೊಳ್ಳುಹೊಟ್ಟೆಯವನೇ ನಿಂತಿದ್ದ, ಕಪ್ಪು ಬಟ್ಟೆಯ ಕೊಡೆ ಸಮೇತ. "ಹುಟ್ಟಿದಾಗಿಂದ ಇದನ್ನ ಹೊಚ್ಚಿಕೊಂಡ್ ಮಲಗೇನ್ರಿ. ಇಂವ ನಮ್ಮವ್ವ ಹುಟ್ಟಿಸಿದಾಂವ." ಇದನ್ನು ಈಚೆಗೆ ಹೊಲಿಸಿ ಮಾಸಲು ಮಾಡಿದ್ದಾರೋ ಎಂದು ನಾನು ಅಂಚನ್ನು ಎಳೆದು ನೋಡಿದೆ. ಅವನು ಕೌದಿಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ. ಪ್ಯಾಕೆಟ್ಟಿನ ಮೇಲೆ ನಮ್ಮ ತಂದೆಯ ಹೆಸರು ಹಾಕಲೇಬೇಕು ಎಂದು ಹೇಳಿ ಎದ್ದೆ. ಚಹಾ ಮುಟ್ಟಲಿಲ್ಲ.

ಇದನ್ನೆಲ್ಲ ಆಸ್ಟಿನ್ನಿನಲ್ಲಿರುವ ಮಗಳಿಗೆ ಹೇಳಿ, ಪ್ಯಾಕೆಟ್ಟಿನ ಫೋಟೋ ಕಳಿಸಿದೆ. ಅದನ್ನು ನೋಡಿ, "ಅಮ್ಮಾ, ಡೋಂಟ್ ಗೆಟ್ ಮ್ಯಾಡ್. ಐ ಥಿಂಕ್ ಐ ಹ್ಯಾವ್ ಸೀನ್ ಹಿಮ್" ಅಂದಳು. ಅಲ್ಲಿನ ಲೈಬ್ರರಿಯಲ್ಲಿ ಅಮೆರಿಕದ ಹಳೇ ಪತ್ರಿಕೆಗಳ ಚಿತ್ರಕತೆಗಳ ಪ್ರದರ್ಶನ ನಡೆಯುತ್ತಿತ್ತು. ರೊಟ್ಟಿಯವನು ಶನಿವಾರ ಹೇಗೂ ಆಸ್ಟಿನ್ನಿಗೆ ಸಪ್ಲೈಗೆ ಬರುತ್ತಾನೆ, ಪ್ಯಾಕೆಟ್ಟಿನ ಮೇಲಿನ ನಂಬರಿಗೆ ಫೋನ್ ಮಾಡಿ ಅವನನ್ನೂ ಅಲ್ಲಿಗೇ ಕರೆಸಿದಳು. ಇವರಿಬ್ಬರೂ ಸೇರಿ ಏನೋ ಹೂಡಿದ್ದಾರೆ ಅಂದುಕೊಂಡೇ ನಾನು ಹೋದೆ.

ಗಾಜಿನ ಹಿಂದೆ ಅವನಿದ್ದ. ಅದೇ ಬೋಳುತಲೆ, ಅದೇ ಬದನೆಕಾಯಿ ಮೂಗು, ಅದೇ ಹೊಟ್ಟೆ. ಪಂಚೆಯ ಬದಲು ಪ್ಯಾಂಟು. ಕೆಳಮೂಲೆಯಲ್ಲಿ ಬರೆದವನ ಸಹಿ, ಧಾರಾಳವಾಗಿ, ದೊಡ್ಡದಾಗಿ. ನಮ್ಮಪ್ಪ ಹುಟ್ಟುವುದಕ್ಕೂ ಮುಂಚೆ ಶುರುವಾಗಿ ಎಷ್ಟೋ ವರ್ಷ ಬಂದ ಚಿತ್ರಕತೆಯಂತೆ. ಆ ಹಾಳೆಯ ಮಾಸಿದ ಹಳದಿ, ಇಟ್ಟಿಗೆ ಕೆಂಪು ನನಗೆ ಚೆನ್ನಾಗಿ ಗೊತ್ತಿದ್ದ ಬಣ್ಣಗಳೇ. ನನ್ನ ಗಣಿತದ ಪುಸ್ತಕದ ಬೈಂಡು! ಅದರ ನಡುವಿನ ಕಿಂಡಿಯಲ್ಲಿ ಇರಬೇಕಾಗಿದ್ದವನು ಇವನೇ.

ಅಯ್ಯೋ ಅಪ್ಪಾ, ಅಂದುಬಿಟ್ಟೆ. ನಾಚಿಕೆಯಾಯಿತು, ಅಳು ಬಂತು, ಅಪ್ಪನ ಮೇಲೆ ಸಿಟ್ಟೂ ಬಂತು. ಎಡಿಟರು ಹೆಸರು ನುಂಗಿರಲಿಲ್ಲ. ಅಪ್ಪನೇ ಕೊಟ್ಟಿರಲಿಲ್ಲ. ಇನ್ನೊಬ್ಬನ ಮನುಷ್ಯನ ಕೆಳಗೆ ತನ್ನ ಹೆಸರು ಬರೆಯುವುದಕ್ಕೆ ಅವರ ಕೈ ಬಂದಿರಲಿಲ್ಲ. ಊರನ್ನೆಲ್ಲ ಅನುಮಾನಿಸಿದ ನಾನು ಮನೆಯೊಳಗಿನ ಆ ಇಲಿಯನ್ನು ಮಾತ್ರ ಬಿಟ್ಟಿದ್ದೆ.

ರೊಟ್ಟಿಯವನು ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡುತ್ತಿದ್ದ. "ಅಕ್ಕಾರ, ಇಂವಗ ಕೊಡಿ ಇಲ್ಲಲ್ರಿ" ಅಂದ.

ನೋಡಿದೆ. ಒಂದು ಚೌಕದಲ್ಲೂ ಕೊಡೆ ಇರಲಿಲ್ಲ. ಇದ್ದದ್ದು ಕಂಕುಳಲ್ಲಿ ಸಿಕ್ಕಿಸಿಕೊಂಡ ಒಂದು ಬೆತ್ತ, ಅಷ್ಟೇ. ಕೊಡೆಯನ್ನು ಹಿಂದೆ ಕಾಲರಿಗೆ ಸಿಕ್ಕಿಸಿ, ಎರಡೂ ಕೈಯಲ್ಲಿ ಚೀಲ ಹಿಡಿದು ಪ್ರೆಸ್ಸಿನಿಂದ ನಡೆದು ಬರುತ್ತಿದ್ದವರು ನಮ್ಮಪ್ಪ. ಅವರ ಕೋಟಿನ ಕಾಲರು ಆ ಭಾರಕ್ಕೆ ಹಿಂದಕ್ಕೆ ಜೋತುಬಿದ್ದಿರುತ್ತಿತ್ತು. ಇಸ್ತ್ರಿ ಮಾಡುವಾಗ ಅಮ್ಮ ಅದಕ್ಕೂ ಬೈಯುತ್ತಿದ್ದಳು.

"ನಮ್ಮವ್ವಾನೂ ಪೇಪರ್ ನೋಡೇ ಹೊಲಿದಿರಬೇಕ್ರಿ" ಎಂದ ಅವನು, ದನಿ ಇಳಿಸಿ. "ಈಗೇನ್ ಮಾಡೂಣ್ರಿ? ಪ್ಯಾಕೆಟ್ಟಿನ ಮ್ಯಾಲೆ ನಿಮ್ಮ ತಂದಿಯವರ ಹೆಸರು ಹಾಕಿಸಲೇನ್ರಿ?"

ಫುಲ್‌ಶೀರಿನವರೆಗೆ ನಾನು ಹೋಗಿದ್ದೇ ಆ ಮಾತು ಕೇಳುವುದಕ್ಕೆ. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೆಸರು ಬೇಡಪ್ಪ. ಅವರೇ ಹಾಕಿಕೊಳ್ಳಲಿಲ್ಲ" ಅಂದೆ. "ಕೊಡೆ ಮಾತ್ರ ತೆಗೀಬೇಡ."