ಪೌಲ್ ಅಂಕಲ್ ಮನೆಯ ಎರಡು ಟರ್ನ್‌ಟೇಬಲ್

ಗೆಳೆಯರೇ, ಇವತ್ತಿನಿಂದ ಕದ್ರಿ ಕಡೆ ಹೋಗಲಿಕ್ಕೇ ನನಗೆ ಹೆದರಿಕೆ.

ಅಲ್ಲಿಯ ಪೌಲ್ ಅಂಕಲ್ ಕುವೈತಿನಿಂದ ರೆಕಾರ್ಡ್ ಹಾಕುವ ಎರಡು ಟರ್ನ್‌ಟೇಬಲ್ ತಂದಿದ್ದಾರೆ. ಎರಡೂ ಬೆಲ್ಟ್ ಇಲ್ಲದೆ ಮೋಟಾರೇ ನೇರ ತಿರುಗಿಸುವ ಡೈರೆಕ್ಟ್ ಡ್ರೈವ್. ಒಂದು ಮನೆಯಲ್ಲಿ ಕೇಳಲಿಕ್ಕೆ. ಇನ್ನೊಂದು, ಮಗಳ ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚುವ ರೋಸ್‌ನಲ್ಲಿ ಜನ ಕುಣಿಯುವಾಗ ನಾನು ಹಾಡು ಹಾಕಲಿಕ್ಕೆ. ಯಾವುದು ಯಾವುದಕ್ಕೆ ಎಂದು ಹೇಳಲು ನನ್ನನ್ನು ಕರೆದಿದ್ದರು. ಶಾಲೆ ಬಿಟ್ಟ ಮೇಲೆ ನನ್ನ ಅಭಿಪ್ರಾಯವನ್ನು ಒಬ್ಬರು ಕೇಳಿದ್ದು ಇದೇ ಮೊದಲು.

ಎರಡರಲ್ಲಿ ದುಬಾರಿಯದರಲ್ಲಿ ರೆಕಾರ್ಡ್ ಹಾಕಿದಾಗ ಹಾಡುವವಳು ಉಸಿರೆಳೆಯುವುದೂ ಕೇಳುತ್ತಿತ್ತು. ಅಂಕಲ್ ಒಳಗೆ ಹೋದರು. ರೆಕಾರ್ಡ್ ಮುಗಿಯಿತು. ಪಿನ್ ಇರುವ ಕೈ ತಾನಾಗಿಯೇ ಮೇಲೆದ್ದು ಹಿಂದಕ್ಕೆ ಹೊರಟಿತು! ಮದುವೆಗಳಿಗೆ ನಾನು ಒಯ್ಯುವ ಹಳೆಯ ಸೆಟ್ಟಿನಲ್ಲಿ ಅದನ್ನು ನಾನೇ ಎತ್ತಬೇಕು. ಬಿದ್ದೀತೆಂದು ಗಪ್ಪನೆ ಹಿಡಿದೆ. ಒಳಗೆ ಕಟ್ ಎಂದಿತು. ಆಮೇಲೆ ಅದು ಅಲ್ಲಾಡಲಿಲ್ಲ.

ಬಾಗಿಲು ತೆರೆದೇ ಇತ್ತು, ಓಡಬಹುದಿತ್ತು. ಅಂಕಲ್ ಬಂದಾಗ ಇದ್ದದ್ದನ್ನು ಹೇಳಿಬಿಟ್ಟೆ.

“ಇದು ಆಟೋಮ್ಯಾಟಿಕ್ ಮಾರಾಯ! ಹಿಡಿಯಲಿಕ್ಕೆ ಇದು ಎಂತ, ತಪ್ಪಿಸಿಕೊಂಡ ಕೋಳಿಯಾ?”

ಅಂಕಲ್ ಆ ಕೈಯನ್ನು ಮುಟ್ಟಿ ನೋಡಿ ನನ್ನ ಕಡೆ ತಿರುಗಿದರು.

“ಈಗ ಹೇಳು, ಎರಡರಲ್ಲಿ ಯಾವುದು ಒಳ್ಳೆಯದು?”

“ಶಬ್ದಕ್ಕೆ... ನಾನು ಹಾಳು ಮಾಡಿದ್ದೇ, ಅಂಕಲ್.”

ಅಡುಗೆಮನೆಯಿಂದ ಆಂಟಿ ನಕ್ಕರು. ಅಂಕಲ್ ನಗಲಿಲ್ಲ.

“ರೋಸ್‌ಗೆ ಬಾ, ಊಟ ಮಾಡು. ಹಾಡು ನಾನೇ ಹಾಕ್ತೇನೆ. ನಿನ್ನ ಎರಡೂ ಕೈ ಕಿಸೆಯಲ್ಲೇ ಇರಲಿ.”

ಹಾಗಾದರೆ ಊಟ ಮಾಡುವುದು ಹೇಗೆ ಎಂದು ಕೇಳುವ ಧೈರ್ಯ ಮಾತ್ರ ನನಗೆ ಬರಲಿಲ್ಲ.