ಅತ್ತೆಯ ಎದೆಯೂ ಕೋಲಾಟದ ವೇಗವೂ

ನನ್ನ ಅತ್ತೆಯವರ ಎಡಭುಜದ ಕೆಳಗೆ, ಚರ್ಮದ ಅಡಿಯಲ್ಲಿ, ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಯಂತ್ರವಿದೆ. ಹೃದಯ ಅಡ್ಡಾದಿಡ್ಡಿ ಓಡತೊಡಗಿದರೆ ಶಾಕ್ ಕೊಟ್ಟು ದಾರಿಗೆ ತರುವುದು ಅದರ ಕೆಲಸ. ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಅದನ್ನು ಹಾಕಿಸಿಕೊಂಡ ಮೇಲೆ ಅವರು ರವಿಕೆಯನ್ನು ಕೊಂಚ ಸಡಿಲ ಮಾಡಿಸಿಕೊಂಡರು, ವ್ಯಾನಿಟಿ ಬ್ಯಾಗನ್ನು ಬಲಹೆಗಲಿಗೆ ಬದಲಿಸಿದರು. ಉಳಿದಂತೆ ಮೊದಲಿನ ಹಾಗೆಯೇ ಇದ್ದರು. ಭದ್ರಾವತಿಯ ತಮ್ಮ ಬೀದಿಯ ಹೆಂಗಸರ ಕೋಲಾಟಕ್ಕೂ ಮರಳಿದರು.

ಎಡವಟ್ಟಾದದ್ದು ಅಲ್ಲೇ. ಒಂದು ಸಂಜೆ ಅಭ್ಯಾಸದ ಕೊನೆಯ ಸುತ್ತು. ಆ ಸುತ್ತೆಂದರೆ ಹಾಡುವವರಿಗೂ ಕುಣಿಯುವವರಿಗೂ ವೇಗದ ಪಂದ್ಯವಿದ್ದಂತೆ. ಅತ್ತೆ "ಅಯ್ಯಮ್ಮಾ!" ಎಂದು ಕೋಲು ಬಿಟ್ಟು ಕುಸಿದು ಕುಳಿತರು. ಎದೆಗೆ ಕುದುರೆ ಒದ್ದ ಹಾಗಾಯಿತಂತೆ. ಎದುರು ಆಡುತ್ತಿದ್ದ ಪಕ್ಕದ ತಮಿಳು ಮನೆಯಾಕೆ ತನ್ನ ಕೋಲೇ ತಗುಲಿತೆಂದು ಅಳತೊಡಗಿದರು.

"ನಿನ್ ಕೋಲಲ್ಲ ಕಣೇ, ನನ್ ಮಿಷನ್ನು," ಎಂದು ಅತ್ತೆಯೇ ಸಮಾಧಾನ ಹೇಳಬೇಕಾಯಿತು.

ನಾನು ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವರು ಆಡಿದ್ದು ಒಂದೇ ಮಾತು: "ಇನ್ನು ಕೋಲು ಮುಟ್ಟಲ್ಲ."

ಡಾಕ್ಟರಮ್ಮ ಯಂತ್ರದ ದಾಖಲೆ ನೋಡಿ ಹುಬ್ಬೇರಿಸಿದರು. "ಅಮ್ಮ, ನಿಮ್ಮ ಹೃದಯ ಸರಿಯಾಗೇ ಓಡಿದೆ. ಮಿಷನ್ನೇ ತಪ್ಪು ತಿಳ್ಕೊಂಡಿದೆ. ಏನ್ಮಾಡ್ತಿದ್ರಿ?"

"ಏನಿಲ್ಲಮ್ಮ, ಸುಮ್ನೆ ಕೋಲಾಟ."

"ವ್ಯಾಯಾಮ ಮಾಡ್ತೀರಾ ಅಂತ ಅವತ್ತು ಕೇಳಿದ್ದಕ್ಕೆ ಇಲ್ಲ ಅಂದಿದ್ರಿ!"

"ಕೋಲಾಟ ವ್ಯಾಯಾಮ ಹೆಂಗಾಗುತ್ತೆ? ವ್ಯಾಯಾಮ ಅಂದ್ರೆ ಬೆಳಿಗ್ಗೆ ಶೂ ಹಾಕ್ಕೊಂಡು ಮಾಡೋದು."

ಹಾಗಾಗಿ ಅವರ ಯಂತ್ರವನ್ನು ಮನೆಯಲ್ಲಿ ಕುಳಿತೇ ಇರುವ ಹೆಂಗಸಿಗೆ ಹೊಂದುವಂತೆ ಇಟ್ಟಿದ್ದರು. ಎಷ್ಟು ವೇಗಕ್ಕೆ ಶಾಕ್ ಕೊಡಬೇಕು, ಕೊಡುವ ಮುಂಚೆ ಎಷ್ಟು ಕಾಯಬೇಕು ಎಂಬುದನ್ನೆಲ್ಲ ಹೊರಗಿನಿಂದ ಕಂಪ್ಯೂಟರಿನಲ್ಲೇ ಬದಲಿಸಬಹುದಂತೆ. ವಿದೇಶದಲ್ಲಿ ಕರಿಯರಿಗೂ ಬಿಳಿಯರಿಗೂ ಒಂದೇ ಸೆಟ್ಟಿಂಗ್ ಇಟ್ಟರೆ ಫಲವೂ ಒಂದೇ ಆಗಿರುತ್ತದೆಯೇ ಎಂದು ಹೋಲಿಸಿ ನೋಡಿದ್ದಾರೆ, ಹೀಗೆ ಬೇಡದಾಗ ಬೀಳುವ ಸುಳ್ಳು ಶಾಕ್ ಎಲ್ಲರಿಗೂ ಒಂದೇ ರೀತಿ ಬೀಳುವುದಿಲ್ಲ, ಕಾರಣ ಕಾಯಿಲೆಯ ಬಗೆಯೋ ಬದುಕಿನ ಸ್ಥಿತಿಯೋ ಎಂದು ಬಿಡಿಸಿ ಹೇಳುವುದು ಕಷ್ಟ ಎಂದರು ಡಾಕ್ಟರಮ್ಮ. "ನಮ್ಮ ಕಡೆಯವರನ್ನ ಅಷ್ಟಾಗಿ ನೋಡಿಲ್ಲ."

ಅತ್ತೆಗೆ ಕುತೂಹಲ ಹುಟ್ಟಿತು. "ಹಂಗಾದ್ರೆ ನಾನ್ಯಾವ ಕಡೆಗೆ ಸೇರ್ತೀನಿ? ಹೆಣ್ಣು ನೋಡಕ್ಕೆ ಬಂದೋರು ಎಣ್ಣೆಗಪ್ಪು ಅಂದ್ರು, ನಮ್ಮಪ್ಪ ಗೋಧಿ ಬಣ್ಣ ಅಂತ ಜಗಳಕ್ಕೇ ನಿಂತಿದ್ರು."

ಡಾಕ್ಟರಮ್ಮ ಜೋರಾಗಿ ನಕ್ಕರು. "ಯಾವ ಕಡೆಗೂ ಬೇಡ. ನಿಮ್ಮನ್ನೇ ನೋಡಿ ಸೆಟ್ ಮಾಡೋಣ. ಎಲ್ಲಿ, ಆಡಿ ತೋರಿಸಿ!"

ಶಾಕನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಮೈಗೆ ವೈರು ಅಂಟಿಸಿ, ಎದುರಿಗೆ ನನ್ನನ್ನು ನಿಲ್ಲಿಸಿದರು. ಕೋಲಿನ ಬದಲು ಮೇಜಿನ ಮೇಲಿದ್ದ ಪೆನ್ನುಗಳು. ಕಾನ್ವೆಂಟಿನಲ್ಲಿ ಮಾರ್ಚ್‌ಪಾಸ್ಟ್ ಬಿಟ್ಟು ಬೇರೇನನ್ನೂ ಕಲಿಯದ ನನ್ನ ಕಾಲುಗಳು ಎಡ, ಬಲ ಎಂದಷ್ಟೇ ಎತ್ತಿಟ್ಟವು.

"ತಾಳ ತಪ್ತೀಯಲ್ಲ ಮಾರಾಯ್ತಿ! ನಿನ್ ಜೊತೆ ಆಡಿದ್ರೆ ನನ್ನೆದೆ ನಿದ್ದೆ ಹೋಗುತ್ತೆ!"

ನೋಡುತ್ತಿದ್ದ ನರ್ಸ್ ತಡೆಯಲಾರದೆ ನನ್ನ ಕೈಯಿಂದ ಪೆನ್ನು ಕಸಿದುಕೊಂಡರು. ಆಮೇಲೆ ಪರದೆಯ ಮೇಲೆ ಗೆರೆಗಳು ಒತ್ತೊತ್ತಾಗಿ ಓಡಿದವು. ಅತ್ತೆಯ ಹಣೆಯ ಕುಂಕುಮ ಬೆವರಿಗೆ ಮೂಗಿನವರೆಗೆ ಇಳಿಯಿತು. ಡಾಕ್ಟರಮ್ಮ ವೇಗದ ಮಿತಿಯನ್ನು ಮೇಲಕ್ಕೇರಿಸಿದರು, ಕಾಯುವ ಹೊತ್ತನ್ನು ಹೆಚ್ಚಿಸಿದರು, ಶಾಕನ್ನು ಮತ್ತೆ ಚಾಲೂ ಮಾಡಿದರು. "ಇನ್ಮೇಲೆ ಹಿಂಗಾಗೋದೇ ಇಲ್ಲ ಅಂತ ಹೇಳಕ್ಕಾಗಲ್ಲ. ಆದ್ರೆ ಹೆದರ್ಕೊಂಡು ಕೂರಬೇಡಿ."

ಮುಂದಿನ ವಾರ ಭದ್ರಾವತಿಯಲ್ಲಿ ಅತ್ತೆ ಅಭ್ಯಾಸಕ್ಕೇನೋ ಬಂದರು, ಆದರೆ ಕುರ್ಚಿ ಹಾಕಿಕೊಂಡು ಕುಳಿತರು. ಸೆರಗನ್ನು ಸೊಂಟಕ್ಕೆ ಸಿಗಿಸುತ್ತಿದ್ದರು, ಬಿಡುತ್ತಿದ್ದರು. ಎರಡನೇ ಹಾಡಿಗೆ ಎದ್ದರು. ಪಕ್ಕದ ಮನೆಯಾಕೆ ಹಸಿ ಮೊಟ್ಟೆ ಮುಟ್ಟುವ ಹಾಗೆ ಕೋಲು ತಾಗಿಸಿದರು.

"ಏನೇ, ಮೊಸರು ಕಡೀತಿದ್ದೀಯಾ? ಹೊಡಿ!"

"ಭಯ ಆಗುತ್ತಕ್ಕಾ!"

"ನಂಗೂ ಆಗುತ್ತೆ. ಹೊಡಿ!"

ಕೊನೆಯ ಸುತ್ತು ಬಂತು. ಹಾಡು ಓಡಿತು, ಕೋಲುಗಳು ಓಡಿದವು. ನಾನು ಅತ್ತೆಯ ಮುಖ ಬಿಟ್ಟು ಬೇರೆಲ್ಲೂ ನೋಡಲಿಲ್ಲ. ಹಾಡು ನಿಂತಾಗ ಅವರು ಏದುಸಿರು ಬಿಡುತ್ತ ಎದೆಯ ಮೇಲೆ ಕೈಯಿಟ್ಟು ಒಂದು ಕ್ಷಣ ಕಾದರು. ಆಮೇಲೆ ಹಾಡುವವರ ಕಡೆ ತಿರುಗಿ, "ಏನ್ರೇ, ಇಷ್ಟೇನಾ ನಿಮ್ಮ ಸ್ಪೀಡು?" ಎಂದರು.